ಸಣ್ಣದು ಅಂದರೆ ಸಾಲದು, ಬಿಗಿಯನ್ನೂ ನೋಡಬೇಕು

ಕುಮಟಾ ಪೇಟೆಯಲ್ಲಿ ನಮ್ಮ ಮನೆಗೆ ಹಳಬರಾದ ಒಬ್ಬ ಅಕ್ಕಸಾಲಿಗರಿದ್ದಾರೆ. ಅಮ್ಮನ ಸರದ ಕೊಂಡಿ ಸರಿ ಮಾಡಿಸಲು ಹೋದಾಗ ಅವರು ಕಂಬಚ್ಚಿನಲ್ಲಿ ಚಿನ್ನದ ತಂತಿ ಎಳೆಯುತ್ತಿದ್ದರು. ಕಂಬಚ್ಚು ಅಂದರೆ ಸಾಲಾಗಿ ತೂತುಗಳಿರುವ ಉಕ್ಕಿನ ಪಟ್ಟಿ. ಒಂದಕ್ಕಿಂತ ಮುಂದಿನ ತೂತು ಸ್ವಲ್ಪ ಸಣ್ಣದು. ತಂತಿಯ ತುದಿ ಚೂಪು ಮಾಡಿ, ತೂತಿಗೆ ತೂರಿಸಿ, ಇಕ್ಕಳದಲ್ಲಿ ಹಿಡಿದು ಎಳೆಯುತ್ತಾರೆ. ಕೆಲವು ತೂತು ದಾಟಿದ ಮೇಲೆ ತಂತಿ ಸೆಟೆದುಕೊಂಡಿತು. ಇನ್ನು ಎಳೆದರೆ ತುಂಡಾಗುತ್ತದೆ ಎಂದು ಅದನ್ನು ಸುರುಳಿ ಸುತ್ತಿ ಬೆಂಕಿಗೆ ಹಿಡಿದರು. ಕೆಂಪಗಾಯಿತು. ತಣಿಸಿದರು. ಮತ್ತೆ ಮೆತ್ತಗಾಯಿತು. "ಎಷ್ಟು ಎಳೆದ್ರೂ ಚಿನ್ನ ಚಿನ್ನಾನೇ ಅಲ್ವಾ?" ಅಂದರು.

ಅವರ ಕೈಯಲ್ಲಿದ್ದ ತಂತಿಗೆ ಆ ಮಾತು ಪೂರ್ತಿ ಸತ್ಯ. ತಂತಿ ಕೂದಲೆಳೆಯಷ್ಟು ತೆಳ್ಳಗಾದರೂ ಸತ್ಯ. ಕೂದಲೆಳೆ ಅಂದರೂ ಅದು ಸುಮಾರು 80,000 ನ್ಯಾನೋಮೀಟರ್ ದಪ್ಪ. ಅದೇ ಚಿನ್ನವನ್ನು 2 ನ್ಯಾನೋಮೀಟರ್ ಅಗಲದ ಉಂಡೆ ಮಾಡಿದರೆ ಮಾತು ನಿಲ್ಲುವುದಿಲ್ಲ. ಹಳದಿ ಬಣ್ಣ ಹೋಗುತ್ತದೆ. 1064 ಡಿಗ್ರಿಗೆ ಕರಗಬೇಕಾದದ್ದು ನೂರಾರು ಡಿಗ್ರಿ ಮೊದಲೇ ಕರಗುತ್ತದೆ. ಯಾವುದರ ಜೊತೆಗೂ ಸುಲಭಕ್ಕೆ ಬೆರೆಯದ ಲೋಹ ಎಂದು ಹೆಸರಾದ ಚಿನ್ನ ರಾಸಾಯನಿಕ ಕ್ರಿಯೆಗೆ ಕೈಹಾಕುತ್ತದೆ. ಜಪಾನಿನ ಮಸಟಾಕೆ ಹರುಟಾ 1987ರಲ್ಲಿ ತೋರಿಸಿದ್ದು ಇದನ್ನೇ. ಕೆಲವೇ ನ್ಯಾನೋಮೀಟರ್ ಅಗಲದ ಚಿನ್ನದ ಕಣಗಳನ್ನು ಆಕ್ಸೈಡ್ ಪುಡಿಯ ಮೇಲೆ ಕೂರಿಸಿದರೆ, ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲೂ ಅವು ವಿಷಾನಿಲ ಕಾರ್ಬನ್ ಮೊನಾಕ್ಸೈಡನ್ನು ಆಕ್ಸಿಜನ್ ಜೊತೆ ಸೇರಿಸಿಬಿಡುತ್ತವೆ.

ಕಾಲೇಜಿನಲ್ಲಿ ನಮಗೆ ಇದಕ್ಕೆ ಸಿಕ್ಕ ವಿವರಣೆ ಒಂದೇ ಸಾಲು. ಗಾತ್ರ ಸಣ್ಣದಾದರೆ ಗುಣ ಬದಲಾಗುತ್ತದೆ, ಅಷ್ಟೇ. ಶಿರಸಿಯ ಗೊಬ್ಬರದ ಅಂಗಡಿಯ ಬಾಟಲಿಯಿಂದ ಹಿಡಿದು ಮುಖದ ಕ್ರೀಮಿನವರೆಗೆ "ನ್ಯಾನೋ" ಅನ್ನುವ ಪದ ಅಂಟಿಸಿದವರೂ ಆ ಒಂದು ಸಾಲನ್ನೇ ನಂಬಿಕೊಂಡಿದ್ದಾರೆ. ಆ ಸಾಲು ತಪ್ಪಲ್ಲ, ಆದರೆ ಅರ್ಧ. ಕಣ ಎಷ್ಟು ಸಣ್ಣದು ಎನ್ನುವಷ್ಟೇ ಮುಖ್ಯ, ಅದರೊಳಗಿನ ಪರಮಾಣುಗಳು ಎಷ್ಟು ಒತ್ತೊತ್ತಾಗಿ ಅಥವಾ ಎಷ್ಟು ಎಳೆದುಕೊಂಡು ಕೂತಿವೆ ಎನ್ನುವುದು. ವಿಜ್ಞಾನಿಗಳು ಸ್ಟ್ರೇನ್ ಅನ್ನುವುದು ಇದಕ್ಕೇ. ನಾನು ಬಿಗಿತ ಅನ್ನುತ್ತೇನೆ.

ಈಗ ಇದನ್ನು ಎತ್ತಿಕೊಳ್ಳಲು ಕಾರಣ ಹೈಡ್ರೋಜನ್. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಎತ್ತಿಟ್ಟಿತು. 2024ರ ಫೆಬ್ರವರಿಯಲ್ಲಿ ಹೊಳೆಯಲ್ಲಿ ಓಡಲೆಂದು ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ ಹೈಡ್ರೋಜನ್ ಫ್ಯೂಯೆಲ್ ಸೆಲ್ ದೋಣಿ ನೀರಿಗಿಳಿಯಿತು. ಕಾರವಾರದ ಬೈತಖೋಲ್ ಬಂದರಿನಲ್ಲಿ ಒಂದು ಬೆಳಿಗ್ಗೆ ನಿಂತವರಿಗೆ ಮೀನಿಗಿಂತ ಮೊದಲು ಡೀಸೆಲ್ ವಾಸನೆ ಬಡಿಯುತ್ತದೆ. ಅಂಥ ದೋಣಿ ನಮ್ಮ ಕಡೆಗೆ ಯಾವಾಗ ಬಂದೀತು ಅನ್ನುವ ಪ್ರಶ್ನೆ ಅಲ್ಲಿ ತಾನಾಗಿ ಹುಟ್ಟುತ್ತದೆ. ಈ ಬಗೆಯ ಸೆಲ್ಲಿನಲ್ಲಿ ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುತ್ತವೆ, ಕರೆಂಟು ಹೊರಬರುತ್ತದೆ. ಸೇರಿಸುವ ಕೆಲಸ ಪ್ಲಾಟಿನಂ ಕಣಗಳದ್ದು. ಪ್ಲಾಟಿನಂ ಬಲು ದುಬಾರಿ. ಇದ್ದಷ್ಟರಲ್ಲಿ ಜಾಸ್ತಿ ಕೆಲಸ ತೆಗೆಯುವುದು ಹೇಗೆ ಎಂಬ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಗಾತ್ರ ಮತ್ತು ಬಿಗಿತದ ಹತ್ತಿರವೇ.

ಮೊದಲು ಗಾತ್ರ. ಲೋಹದೊಳಗೆ ಎಲೆಕ್ಟ್ರಾನ್ ಒಂದು ಅಲೆ. ಅಲೆಯನ್ನು ಕೂಡಿಹಾಕಿದರೆ ಅದು ಇಷ್ಟ ಬಂದ ಸ್ವರದಲ್ಲಿ ಹಾಡಲಾರದು. ಯಕ್ಷಗಾನದ ಚಂಡೆ ನೆನಪಿಸಿಕೊಳ್ಳಿ. ಚರ್ಮ, ಬಿಗಿ ಎಲ್ಲ ಒಂದೇ ಇದ್ದು ಬಾಯಿ ಸಣ್ಣದಾದರೆ ಸ್ವರ ಏರುತ್ತದೆ, ಒಂದು ಸ್ವರಕ್ಕೂ ಇನ್ನೊಂದಕ್ಕೂ ನಡುವಿನ ಅಂತರವೂ ಹಿಗ್ಗುತ್ತದೆ. ಲೋಹದಲ್ಲೂ ಹಾಗೆಯೇ. ದೊಡ್ಡ ತುಂಡಿನಲ್ಲಿ ಎಲೆಕ್ಟ್ರಾನಿನ ಶಕ್ತಿ ದೇವಿಮನೆ ಘಟ್ಟದ ರಸ್ತೆ ಇದ್ದಂತೆ, ಎಲ್ಲಿ ಬೇಕಾದರೂ ನಿಲ್ಲಬಹುದು. ತುಂಡು ಸಣ್ಣದಾಗುತ್ತ ಹೋದಂತೆ ರಸ್ತೆ ಮೆಟ್ಟಿಲಾಗುತ್ತದೆ. ಎರಡು ಮೆಟ್ಟಿಲ ನಡುವೆ ನಿಲ್ಲಲು ಜಾಗ ಇಲ್ಲ.

ಮೆಟ್ಟಿಲು ಎಷ್ಟು ಎತ್ತರ? ಜಪಾನಿನ ರ್ಯೋಗೋ ಕುಬೊ 1962ರಲ್ಲಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಲೋಹದಲ್ಲಿ ಎಲೆಕ್ಟ್ರಾನ್‌ಗಳು ತುಂಬಿಕೊಂಡಿರುವ ಮೇಲಿನ ಗಡಿಯ ಶಕ್ತಿಯನ್ನು ಆ ಎಲೆಕ್ಟ್ರಾನ್‌ಗಳ ಸಂಖ್ಯೆಗೆ ಹಂಚಿ, ಬಂದದ್ದಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿದರೆ, ಹೆಚ್ಚುಕಡಿಮೆ ಅದೇ ಮೆಟ್ಟಿಲಿನ ಎತ್ತರ. ಚಿನ್ನಕ್ಕೆ ಆ ಗಡಿ ಸುಮಾರು 5.5 ಎಲೆಕ್ಟ್ರಾನ್ ವೋಲ್ಟ್ (ಎಲೆಕ್ಟ್ರಾನಿನ ಶಕ್ತಿ ಅಳೆಯುವ ಮಾನ ಇದು). ಲೆಕ್ಕ ನಾವೇ ಹಾಕಿ ನೋಡಬಹುದು. 10 ನ್ಯಾನೋಮೀಟರ್ ಅಗಲದ ಚಿನ್ನದ ಉಂಡೆಯಲ್ಲಿ ಸುಮಾರು 31,000 ಪರಮಾಣು, ಒಂದೊಂದರದ್ದು ಒಂದೊಂದು ಎಲೆಕ್ಟ್ರಾನ್ ಲೆಕ್ಕಕ್ಕೆ. ಮೆಟ್ಟಿಲು 0.00024 ಎಲೆಕ್ಟ್ರಾನ್ ವೋಲ್ಟಿನಷ್ಟು. ನಮ್ಮ ಕೋಣೆಯ ಬಿಸಿಗೇ ಎಲೆಕ್ಟ್ರಾನ್ 0.025ರಷ್ಟು ಶಕ್ತಿಯಲ್ಲಿ ತಳಮಳಿಸುತ್ತಿರುತ್ತದೆ. ಅಂದರೆ ಆ ಮೆಟ್ಟಿಲು ಅದಕ್ಕೆ ಕಾಲಿಗೂ ತಗಲುವುದಿಲ್ಲ. 2 ನ್ಯಾನೋಮೀಟರಿಗೆ ಬಂದರೆ ಪರಮಾಣು ಸುಮಾರು 250, ಮೆಟ್ಟಿಲು 0.03. ಈಗ ಸಮಸಮ. 1 ನ್ಯಾನೋಮೀಟರಿಗೆ ಇಳಿದರೆ ಮೂವತ್ತು ಚಿಲ್ಲರೆ ಪರಮಾಣು, ಮೆಟ್ಟಿಲು 0.24. ಬಿಸಿಯ ತಳಮಳದ ಹತ್ತರಷ್ಟು. ಆ ಕಣ ಇನ್ನು ಲೋಹವಲ್ಲ, ಒಂದು ಅಣು.

ನನಗೆ ಈ ಲೆಕ್ಕ ಬಹಳ ಇಷ್ಟ. ಯಾಕೆಂದರೆ ಅಷ್ಟು ಸರಳ ಗುಣಾಕಾರ ಭಾಗಾಕಾರ ಹೇಳಿದ ಜಾಗದಲ್ಲೇ ಪ್ರಯೋಗವೂ ಬಂದು ನಿಂತಿತು. 2018ರಲ್ಲಿ ರಸಾಯನಶಾಸ್ತ್ರಜ್ಞರು ಎಣಿಸಿ ಕಟ್ಟಿದ ಎರಡು ಚಿನ್ನದ ಕಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. 246 ಪರಮಾಣುಗಳದ್ದು ಇನ್ನೂ ಅಣುವಿನ ಹಾಗೆ ವರ್ತಿಸಿತು. 279 ಪರಮಾಣುಗಳದ್ದು ಲೋಹವಾಗಿತ್ತು. ನಡುವೆ ಇರುವುದು ಬರೀ 33 ಪರಮಾಣು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನ್ಯಾನೋ ಚಿನ್ನ ಕೆಂಪು ಎಂದು ಎಲ್ಲರೂ ಕೇಳಿರುತ್ತೀರಿ. ಮೈಕೆಲ್ ಫ್ಯಾರಡೆ 1857ರಲ್ಲಿ ಇಂಥ ಕೆಂಪು ಚಿನ್ನದ ನೀರನ್ನು ವಿವರಿಸಿದ್ದರು. ಅವರು ಮಾಡಿದ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇವತ್ತಿಗೂ ಇವೆ. ಆದರೆ ಹತ್ತಿಪ್ಪತ್ತು ನ್ಯಾನೋಮೀಟರಿನ ಕಣದ ಆ ಕೆಂಪಿಗೆ ಕಾರಣ ಮೆಟ್ಟಿಲಲ್ಲ. ಬೆಳಕು ಬಿದ್ದಾಗ ಕಣದ ಎಲೆಕ್ಟ್ರಾನ್‌ಗಳೆಲ್ಲ ಒಟ್ಟಾಗಿ ಅತ್ತಿತ್ತ ತೂಗುತ್ತವೆ, 520 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕನ್ನು ನುಂಗುತ್ತವೆ, ಉಳಿದದ್ದು ನಮಗೆ ಕೆಂಪಾಗಿ ಕಾಣುತ್ತದೆ. ಕೆಂಪು ಬಣ್ಣ ಅಂದರೆ ಕಣ ಇನ್ನೂ ಲೋಹವಾಗಿದೆ ಅನ್ನುವುದಕ್ಕೆ ಗುರುತು. ಮೆಟ್ಟಿಲಿನ ಆಟ ಶುರುವಾದಾಗ ಆ ತೂಗಾಟವೇ ನಿಂತುಹೋಗುತ್ತದೆ.

ಇಷ್ಟೇ ಆಗಿದ್ದರೆ ಕಥೆ ಸುಲಭವಿತ್ತು. ಹೊರಮೈಯಿಂದ ತೊಡಕು ಶುರು. 55 ಪರಮಾಣುಗಳ ಒಂದು ಅಚ್ಚುಕಟ್ಟಾದ ಕಣ ತೆಗೆದುಕೊಳ್ಳಿ. ಅದರಲ್ಲಿ 42 ಹೊರಗೇ ಇವೆ. ಚಿನ್ನ, ಪ್ಲಾಟಿನಂ, ತಾಮ್ರದಲ್ಲಿ ಒಳಗಿನ ಪ್ರತಿ ಪರಮಾಣುವಿಗೂ 12 ನೆರೆಹೊರೆ. ಚಪ್ಪಟೆ ಮೇಲ್ಮೈಯಲ್ಲಿ 9 ಅಥವಾ 8, ಅಂಚಿನಲ್ಲಿ 7, ಮೂಲೆಯಲ್ಲಿ 6 ಇಲ್ಲವೇ 5. ಒಳಗಿನಿಂದ ಎಳೆಯುವವರು ಇದ್ದಾರೆ, ಹೊರಗಿನಿಂದ ಯಾರೂ ಇಲ್ಲ. ಕೆಸುವಿನ ಎಲೆಯ ಮೇಲಿನ ಹನಿ ಹೇಗೆ ತನ್ನನ್ನು ತಾನೇ ಬಿಗಿದುಕೊಂಡು ಉರುಟಾಗುತ್ತದೋ, ಕಣವೂ ತನ್ನನ್ನು ತಾನೇ ಒಳಕ್ಕೆ ಒತ್ತಿಕೊಳ್ಳುತ್ತದೆ. ಸಣ್ಣದಾದಷ್ಟೂ ಒತ್ತು ಜಾಸ್ತಿ. ಯಾರೂ ಹೊರಗಿನಿಂದ ಹಿಂಡಬೇಕಾಗಿಲ್ಲ.

1979ರಲ್ಲಿ ತಾಮ್ರ ಮತ್ತು ನಿಕ್ಕಲ್‌ನ ಪುಟ್ಟ ಕಣಗಳ ಮೇಲೆ ಎಕ್ಸ್-ರೇ ಹಾಯಿಸಿ ಪರಮಾಣುಗಳ ನಡುವಿನ ದೂರ ಅಳೆದರು. ಕಣ ಕಿರಿದಾಗುತ್ತ ಹೋದಂತೆ ದೂರವೂ ಕುಗ್ಗುತ್ತ ಹೋಯಿತು. ತಾಮ್ರದ ಗಟ್ಟಿಯಲ್ಲಿ ಈ ದೂರ 0.256 ನ್ಯಾನೋಮೀಟರ್. ಬರೀ ಎರಡು ಪರಮಾಣುಗಳ ಜೋಡಿಯಲ್ಲಿ 0.222. ಕಣಗಳು ಈ ಎರಡರ ನಡುವಿನ ದಾರಿಯಲ್ಲಿದ್ದವು. ಹಾಗಾದರೆ ಸಣ್ಣ ಕಣದಲ್ಲಿ ಎಲೆಕ್ಟ್ರಾನ್ ಬೇರೆ ರೀತಿ ನಡೆದುಕೊಂಡಾಗ ಅದು ಗಾತ್ರದ ಕೆಲಸವೋ, ಬಿಗಿತದ ಕೆಲಸವೋ? ನನ್ನ ಮಟ್ಟಿಗೆ ಇಡೀ ವಿಷಯದ ನಡುಗಂಬ ಈ ಪ್ರಶ್ನೆ. ಗಾತ್ರ ಬದಲಿಸಿದ ಕೂಡಲೇ ಬಿಗಿತವೂ ತಾನಾಗಿ ಬದಲಾಗುತ್ತದೆ. ಒಂದನ್ನು ಹಿಡಿದಿಟ್ಟು ಇನ್ನೊಂದನ್ನು ತಿರುಗಿಸಲು ಪ್ರಕೃತಿ ಸುಲಭಕ್ಕೆ ಬಿಡುವುದಿಲ್ಲ.

ಅಕ್ಕಸಾಲಿಗರ ತಂತಿಗೂ ಬಿಗಿತ ಬಂದಿತ್ತಲ್ಲ, ಅದಕ್ಕೇಕೆ ಏನೂ ಆಗಲಿಲ್ಲ? ದೊಡ್ಡ ತುಂಡು ಲೋಹವನ್ನು ಎಳೆದರೆ ಪರಮಾಣುಗಳ ನಡುವಿನ ದೂರ ಹೆಚ್ಚು ಹಿಗ್ಗುವುದಿಲ್ಲ. ಪದರದ ಮೇಲೆ ಪದರ ಜಾರಿಬಿಡುತ್ತದೆ. ಶೇಕಡಾ ಒಂದರಷ್ಟು ಹಿಗ್ಗುವ ಎಷ್ಟೋ ಮೊದಲೇ ಜಾರುತ್ತದೆ. ತಂತಿ ಸೆಟೆದದ್ದು ಆ ಜಾರಿಕೆಯ ಗಂಟುಗಳು ಒಂದಕ್ಕೊಂದು ಸಿಕ್ಕಿಕೊಂಡು. ಬೆಂಕಿ ತೋರಿಸಿದಾಗ ಗಂಟು ಬಿಚ್ಚಿತು. ಪುಟ್ಟ ಕಣದಲ್ಲಿ ಜಾರುವುದಕ್ಕೆ ಜಾಗವೇ ಇಲ್ಲ. ಹಾಗಾಗಿ ಅದು ಶೇಕಡಾ ಮೂರು, ಐದರಷ್ಟು ಹಿಗ್ಗು ಕುಗ್ಗನ್ನೂ ತಡೆದುಕೊಂಡು ನಿಲ್ಲುತ್ತದೆ. ಎಲೆಕ್ಟ್ರಾನಿಗೆ ಗೊತ್ತಾಗುವುದು ಇಂಥ ಬಿಗಿತ.

ಕೆಲವು ಕಣಗಳಿಗೆ ಬಿಗಿತ ಆಕಾರದಿಂದಲೇ ಬರುತ್ತದೆ. ನಾಲ್ಕು ಮುಖದ ಐದು ಪಿರಮಿಡ್‌ಗಳನ್ನು ಒಂದೇ ಅಂಚಿನ ಸುತ್ತ ಜೋಡಿಸಿ ನೋಡಿ. ರಟ್ಟು ಕತ್ತರಿಸಿ ಮನೆಯಲ್ಲೇ ಮಾಡಬಹುದು. ಒಂದೊಂದರ ಕೋನ 70.53 ಡಿಗ್ರಿ. ಐದು ಸೇರಿದರೆ 352.65. ಪೂರ್ತಿ ಸುತ್ತು ಬರಲು 7.35 ಡಿಗ್ರಿ ಕಮ್ಮಿ ಬೀಳುತ್ತದೆ, ಒಂದು ಸೀಳು ಉಳಿದುಬಿಡುತ್ತದೆ. ಚಿನ್ನ ಮತ್ತು ಬೆಳ್ಳಿಯ ಐದು ಮಡಿಕೆಯ ಕಣಗಳು ಹೀಗೇ ಬೆಳೆಯುತ್ತವೆ, ಆದರೆ ಅವುಗಳಲ್ಲಿ ಸೀಳು ಕಾಣುವುದಿಲ್ಲ. ಪರಮಾಣುಗಳು ತಾವೇ ಎಳೆದುಕೊಂಡು ಆ ಜಾಗ ಮುಚ್ಚಿರುತ್ತವೆ. ಅಂದರೆ ಕಣ ಹುಟ್ಟುವಾಗಲೇ ಬಿಗಿದುಕೊಂಡು ಹುಟ್ಟುತ್ತದೆ. ಒಂದೇ ಗಾತ್ರದ ಎರಡು ಚಿನ್ನದ ಕಣ ಬೇರೆ ಬೇರೆ ಥರ ವರ್ತಿಸಬಹುದು ಅನ್ನುವುದು ಇಲ್ಲಿಂದ ಅರ್ಥವಾಗುತ್ತದೆ.

ಇನ್ನು ಪ್ಲಾಟಿನಂಗೆ ಬರೋಣ. ಶಿರಸಿ ಕಡೆಯ ತೋಟದಲ್ಲಿ ಕೊನೆಗೌಡರು ಅಡಿಕೆ ಕೊಯ್ಯುವುದನ್ನು ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಒಂದು ಮರದ ತುದಿಯಲ್ಲಿ ಕೂತು, ಮರವನ್ನೇ ಬಾಗಿಸಿ, ಪಕ್ಕದ ಮರ ಹಿಡಿದು, ಮೊದಲ ಮರವನ್ನು ಬಿಡುತ್ತಾರೆ. ಹಿಡಿತ ಸಡಿಲವಾದರೆ ಬೀಳುತ್ತಾರೆ. ಹಿಡಿದದ್ದನ್ನು ಹೊತ್ತಿಗೆ ಸರಿಯಾಗಿ ಬಿಡದಿದ್ದರೆ ಅಲ್ಲೇ ಉಳಿಯುತ್ತಾರೆ. ಪ್ಲಾಟಿನಂ ಆಕ್ಸಿಜನ್ನನ್ನು ಹಿಡಿಯುವುದೂ ಹಾಗೇ ಇರಬೇಕು. ಆಕ್ಸಿಜನ್ ಜೋಡಿ ಒಡೆಯುವಷ್ಟು ಗಟ್ಟಿ, ನೀರಾದ ಮೇಲೆ ಬಿಟ್ಟುಕೊಡುವಷ್ಟು ಸಡಿಲ. ಶುದ್ಧ ಪ್ಲಾಟಿನಂನ ತೊಂದರೆ ಏನೆಂದರೆ ಅದರ ಹಿಡಿತ ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿ.

ಈ ಹಿಡಿತ ಎಲ್ಲಿಂದ ಬರುತ್ತದೆ? ಡೆನ್ಮಾರ್ಕಿನಲ್ಲಿ ಬ್ಯೋರ್ಕ್ ಹ್ಯಾಮರ್ ಮತ್ತು ಯೆನ್ಸ್ ನೋರ್ಸ್ಕೊವ್ 1990ರ ದಶಕದ ನಡುವೆ ಕೊಟ್ಟ ಉತ್ತರ ಇವತ್ತಿಗೂ ಈ ಕ್ಷೇತ್ರದ ದಿನಬಳಕೆಯ ಮಾತು. ಪ್ಲಾಟಿನಂನಂಥ ಲೋಹದಲ್ಲಿ ಡಿ ಎಂಬ ಹೆಸರಿನ ಗುಂಪಿನ ಎಲೆಕ್ಟ್ರಾನ್‌ಗಳು ಶಕ್ತಿಯ ಒಂದು ಪಟ್ಟಿಯಲ್ಲಿ ಹರಡಿಕೊಂಡಿರುತ್ತವೆ. ಆ ಪಟ್ಟಿಯ ನಡುಬಿಂದು ತುಂಬಿದ ಗಡಿಗೆ ಹತ್ತಿರ ಇದ್ದಷ್ಟೂ ಹಿಡಿತ ಗಟ್ಟಿ, ಕೆಳಗಿಳಿದಷ್ಟೂ ಸಡಿಲ. ಪರಮಾಣುಗಳನ್ನು ಹತ್ತಿರ ಒತ್ತಿದರೆ ನೆರೆಹೊರೆಯ ಎಲೆಕ್ಟ್ರಾನ್‌ಗಳು ಜಾಸ್ತಿ ಬೆರೆಯುತ್ತವೆ, ಪಟ್ಟಿ ಅಗಲವಾಗುತ್ತದೆ, ನಡುಬಿಂದು ಕೆಳಗಿಳಿಯುತ್ತದೆ. ದೂರ ಎಳೆದರೆ ಪಟ್ಟಿ ಕಿರಿದಾಗಿ ನಡುಬಿಂದು ಮೇಲೇರುತ್ತದೆ.

ಈಗ ಇದನ್ನು ಸಣ್ಣ ಕಣಕ್ಕೆ ಹಚ್ಚಿ ನೋಡಿ. ಮೂಲೆಯ ಪರಮಾಣುವಿಗೆ ನೆರೆಹೊರೆ ಕಮ್ಮಿ, ಹಾಗಾಗಿ ಅದರ ಪಟ್ಟಿ ಕಿರಿದು, ನಡುಬಿಂದು ಮೇಲೆ, ಹಿಡಿತ ಗಟ್ಟಿ. ಇದು ಗಾತ್ರ ಮಾಡಿದ್ದು. ಅದೇ ಕಣ ತನ್ನನ್ನು ತಾನೇ ಒತ್ತಿಕೊಂಡಿದೆ, ಹಾಗಾಗಿ ಪಟ್ಟಿ ಅಗಲ, ನಡುಬಿಂದು ಕೆಳಗೆ, ಹಿಡಿತ ಸಡಿಲ. ಇದು ಬಿಗಿತ ಮಾಡಿದ್ದು. ಎರಡೂ ಒಂದೇ ಕಣದಲ್ಲಿ, ಒಂದೇ ಹೊತ್ತಿಗೆ, ಎದುರುಬದುರು ಎಳೆಯುತ್ತವೆ. ಚಂಡೆಯ ಹೋಲಿಕೆ ಇಲ್ಲಿ ಕೈಬಿಡುತ್ತದೆ. ಚಂಡೆಯಲ್ಲಿ ಬಾಯಿ ಸಣ್ಣದು ಮಾಡಿದರೂ, ಚರ್ಮ ಬಿಗಿ ಮಾಡಿದರೂ ಸ್ವರ ಏರುವುದೇ. ಪ್ಲಾಟಿನಂನಲ್ಲಿ ಹಾಗಲ್ಲ. ಬಹಳ ಸಣ್ಣ ಕಣಗಳಲ್ಲಿ ಸಾಮಾನ್ಯವಾಗಿ ಗೆಲ್ಲುವುದು ಮೂಲೆ ಮತ್ತು ಅಂಚು. ಅವು ಆಕ್ಸಿಜನ್ನನ್ನು ಬಿಡದೆ ಹಿಡಿದುಕೊಳ್ಳುತ್ತವೆ. ಹಾಗಾಗಿ ಕಣವನ್ನು 2 ನ್ಯಾನೋಮೀಟರಿಗಿಂತ ಕೆಳಗಿಳಿಸಿದರೆ ಮೇಲ್ಮೈ ಜಾಸ್ತಿ ಸಿಗುತ್ತದೆ, ಆದರೆ ಆ ಮೇಲ್ಮೈಯ ಒಂದೊಂದು ಪರಮಾಣುವಿನ ಕೆಲಸ ಕುಂದುತ್ತದೆ. "ಇನ್ನೂ ಸಣ್ಣದು ಮಾಡಿ" ಎನ್ನುವ ದಾರಿ ಇಲ್ಲಿಗೆ ಮುಗಿಯಿತು.

ಬೇಕಾಗಿದ್ದು ಗಾತ್ರ ಮುಟ್ಟದೆ ಬಿಗಿತವೊಂದನ್ನೇ ತಿರುಗಿಸುವ ಕೀಲಿ. ಬಿಗಿತ ಒಂದೇ ಸಾಕು ಅನ್ನುವುದಕ್ಕೆ ನಾನು ಕಂಡ ಅತ್ಯಂತ ಚಂದದ ಸಾಕ್ಷಿ 1998ರ ಒಂದು ಪ್ರಯೋಗ. ರುಥೇನಿಯಂ ಲೋಹದ ನುಣುಪು ಮೈಯ ಕೆಳಗೆ ಆರ್ಗಾನ್ ಅನಿಲ ತೂರಿಸಿದರು. ಕಾದ ಎಣ್ಣೆಗೆ ಬಿದ್ದ ಹಲಸಿನ ಹಪ್ಪಳದ ಮೇಲೆ ಗುಳ್ಳೆ ಏಳುತ್ತದಲ್ಲ, ಹಾಗೆ ಲೋಹದ ಮೈ ಅಲ್ಲಲ್ಲಿ ಉಬ್ಬಿತು. ಗುಳ್ಳೆಯ ನೆತ್ತಿಯಲ್ಲಿ ಪರಮಾಣುಗಳು ಎಳೆದುಕೊಂಡಿವೆ, ಬುಡದ ಸುತ್ತ ಒತ್ತಿಕೊಂಡಿವೆ. ಆಮೇಲೆ ಆಕ್ಸಿಜನ್ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಆಕ್ಸಿಜನ್ ಹೋಗಿ ಕೂತಿದ್ದು ಎಳೆದುಕೊಂಡ ನೆತ್ತಿಯ ಮೇಲೆ. ಲೋಹ ಅದೇ, ತುಂಡು ಅದೇ. ಬೇರೆ ಇದ್ದದ್ದು ಬಿಗಿತ ಮಾತ್ರ.

2016ರಲ್ಲಿ ಇನ್ನೊಂದು ತಂಡ ಪ್ಲಾಟಿನಂ ಕಣಗಳನ್ನು ಮೊಬೈಲ್ ಬ್ಯಾಟರಿಯಲ್ಲಿರುವ ಲಿಥಿಯಂ ಕೋಬಾಲ್ಟ್ ಆಕ್ಸೈಡಿನ ಮೇಲೆ ಕೂರಿಸಿತು. ಲಿಥಿಯಂ ಒಳಗೆ ಹೊರಗೆ ಹೋದಂತೆ ಆ ಆಕ್ಸೈಡ್ ಹಿಗ್ಗುತ್ತದೆ, ಕುಗ್ಗುತ್ತದೆ. ಮೇಲೆ ಕೂತ ಪ್ಲಾಟಿನಂ ಕೂಡ ಅದರ ಜೊತೆ ಶೇಕಡಾ 5ರಷ್ಟು ಹಿಗ್ಗಿ ಕುಗ್ಗಿತು. ಒತ್ತಿದಾಗ ಆಕ್ಸಿಜನ್ನನ್ನು ನೀರಾಗಿಸುವ ಕೆಲಸ ಶೇಕಡಾ 90ರಷ್ಟು ಏರಿತು. ಎಳೆದಾಗ ಶೇಕಡಾ 40ರಷ್ಟು ಇಳಿಯಿತು. ಡಿ ಪಟ್ಟಿಯ ಲೆಕ್ಕ ಹೇಳಿದ ದಿಕ್ಕಿನಲ್ಲೇ.

ಕಾರ್ಖಾನೆಯ ದಾರಿ ಇದಕ್ಕಿಂತ ಸರಳ. ಪ್ಲಾಟಿನಂ ಜೊತೆ ಕೋಬಾಲ್ಟ್ ಅಥವಾ ನಿಕ್ಕಲ್ ಬೆರೆಸುವುದು. ಅವುಗಳ ಪರಮಾಣು ಪ್ಲಾಟಿನಂಗಿಂತ ಕಿರಿದು. ಒಳಗೆ ಕಿರಿದಾದ ತಿರುಳು, ಹೊರಗೆ ಪ್ಲಾಟಿನಂ ಸಿಪ್ಪೆ. ಸಿಪ್ಪೆ ತಿರುಳಿನ ಅಳತೆಗೆ ಹೊಂದಿಕೊಳ್ಳಲು ಒತ್ತಿಕೊಳ್ಳಬೇಕಾಗುತ್ತದೆ, ಹಿಡಿತ ಹದಕ್ಕೆ ಬರುತ್ತದೆ. 2014ರಲ್ಲಿ ಮಾರುಕಟ್ಟೆಗೆ ಬಂದ ಟೊಯೋಟಾದ ಮಿರಾಯ್ ಕಾರಿನ ಫ್ಯೂಯೆಲ್ ಸೆಲ್ಲಿನಲ್ಲಿ ಇರುವುದು ಇಂಥ ಪ್ಲಾಟಿನಂ ಕೋಬಾಲ್ಟ್ ಕಣಗಳೇ.

ಇಷ್ಟು ಹೇಳಿದ ಮೇಲೆ ಅಳತೆಯ ಬಗ್ಗೆ ಎಚ್ಚರಿಕೆಯ ಒಂದು ಮಾತು. ಯಾಕೆಂದರೆ "ಎಲೆಕ್ಟ್ರಾನ್ ಸ್ಥಿತಿ ಬದಲಾಯಿತು" ಎನ್ನುವ ಎಷ್ಟೋ ಹೇಳಿಕೆಗಳು ಇಲ್ಲೇ ಎಡವುತ್ತವೆ. ಎಲೆಕ್ಟ್ರಾನ್ ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ತಿಳಿಯಲು ಎಕ್ಸ್-ರೇ ಬಿಟ್ಟು ಅದನ್ನು ಹೊರಗೆ ಹಾರಿಸುತ್ತಾರೆ, ಹಾರಿ ಬಂದದ್ದರ ವೇಗ ಅಳೆಯುತ್ತಾರೆ. ದೊಡ್ಡ ಲೋಹದಲ್ಲಿ ಎಲೆಕ್ಟ್ರಾನ್ ಹೋದ ಜಾಗ ತಕ್ಷಣ ತುಂಬುತ್ತದೆ. ಪುಟ್ಟ ಕಣದಲ್ಲಿ ಹಾಗಾಗದೆ ಇರಬಹುದು. ಕಣ ಒಂದು ಪಾಸಿಟಿವ್ ಚಾರ್ಜ್ ಹೊತ್ತು ಕೂತು, ಹೊರಟ ಎಲೆಕ್ಟ್ರಾನನ್ನು ಹಿಂದಕ್ಕೆಳೆಯುತ್ತದೆ. 2 ನ್ಯಾನೋಮೀಟರ್ ಅಗಲದ, ಯಾವುದಕ್ಕೂ ತಾಗದ ಕಣದಲ್ಲಿ ಈ ಎಳೆತ ಸುಮಾರು 0.7 ಎಲೆಕ್ಟ್ರಾನ್ ವೋಲ್ಟ್. ಅಳೆಯಲು ಹೊರಟ ಬದಲಾವಣೆಯೇ ಎಷ್ಟೋ ಸಲ ಇದಕ್ಕಿಂತ ಕಮ್ಮಿ ಇರುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ.ಎನ್.ಆರ್. ರಾವ್, ಜಿ.ಯು. ಕುಲಕರ್ಣಿ ಮತ್ತು ಜೊತೆಗಾರರು ಬೇರೆ ದಾರಿಯನ್ನೂ ಹಿಡಿದರು. ಸೂಜಿಮೊನೆಯನ್ನು ಒಂದೊಂದೇ ಕಣದ ಹತ್ತಿರ ತಂದು ಕರೆಂಟು ಹರಿಯುವ ಬಗೆ ನೋಡಿ, 1 ನ್ಯಾನೋಮೀಟರ್ ಆಸುಪಾಸಿನ ಲೋಹದ ಕಣಗಳಲ್ಲಿ ಮೆಟ್ಟಿಲಿನಂಥ ಅಂತರ ತೆರೆದುಕೊಳ್ಳುವುದನ್ನು ಕಂಡರು. ಒಂದೇ ಅಳತೆಯನ್ನು ನಂಬದೆ ಎರಡು ಮೂರು ಬೇರೆ ಬೇರೆ ದಾರಿಯಲ್ಲಿ ಕೇಳಿದ ಕೆಲಸವನ್ನೇ ನಾನು ನಂಬುವುದು.

ಇನ್ನು ಬೈತಖೋಲ್‌ನ ಪ್ರಶ್ನೆ. ಬಿಗಿದ ಕಣ ಬಿಗಿದೇ ಇರುತ್ತದೆ ಅನ್ನುವ ಭರವಸೆ ಇಲ್ಲ. ಸೆಲ್ಲಿನೊಳಗೆ ಆಮ್ಲದ ವಾತಾವರಣ. ತಿರುಳಿನ ಕೋಬಾಲ್ಟ್ ಸ್ವಲ್ಪ ಸ್ವಲ್ಪವೇ ಕರಗಿ ಹೊರಹೋಗುತ್ತದೆ, ಸಿಪ್ಪೆಯ ಬಿಗಿ ಸಡಿಲುತ್ತದೆ. ಸಣ್ಣ ಕಣಗಳಿಂದ ಪ್ಲಾಟಿನಂ ಕರಗಿ ದೊಡ್ಡ ಕಣಗಳ ಮೇಲೆ ಕೂರುತ್ತದೆ, ಹಾಗಾಗಿ ಗಾತ್ರವೂ ದಿನಗಳೆದಂತೆ ಕೈತಪ್ಪುತ್ತದೆ. ಇದು ಎಲ್ಲ ಊರಿನ ಸೆಲ್ಲಿಗೂ ಇರುವ ಕಾಟ.

ಕರಾವಳಿಗೆ ಇನ್ನೊಂದು ಇದೆ. ಫ್ಯೂಯೆಲ್ ಸೆಲ್ ಆಕ್ಸಿಜನ್ನನ್ನು ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಕಾರವಾರದ ಗಾಳಿಯಲ್ಲಿ ಉಪ್ಪಿದೆ. ಗೇಟಿನ ಚಿಲಕ, ಸೈಕಲ್ಲಿನ ಚೈನು, ಮಾಡಿನ ತಗಡು ಏನಾಗುತ್ತವೆ ಎಂದು ನಮಗೆಲ್ಲ ಗೊತ್ತು. ಉಪ್ಪಿನ ಕ್ಲೋರೈಡ್ ಪ್ಲಾಟಿನಂ ಮೇಲೆ ಆಕ್ಸಿಜನ್ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ, ಪ್ಲಾಟಿನಂ ಕರಗುವುದನ್ನೂ ಜಾಸ್ತಿ ಮಾಡುತ್ತದೆ. ಹೊಳೆಯ ಸಿಹಿನೀರಿನಲ್ಲಿ ಓಡಿದ ದೋಣಿಯ ಲೆಕ್ಕವನ್ನು ಹಾಗೆಯೇ ಎತ್ತಿ ಕಡಲಿಗೆ ತರಲು ಬರುವುದಿಲ್ಲ. ಇಲ್ಲಿ ಓಡುವ ಬೋಟಿಗೆ ಗಾಳಿಯ ಉಪ್ಪು ಸೋಸುವ ಫಿಲ್ಟರ್ ಬೇಕು. ಮುಂಗಾರಿನ ನಾಲ್ಕು ತಿಂಗಳ ಕಡಲಗಾಳಿ ಕುಡಿದ ಮೇಲೂ ಪ್ಲಾಟಿನಂ ಸಿಪ್ಪೆಯ ಬಿಗಿ ಎಷ್ಟು ಉಳಿದಿದೆ ಎಂದು ಕಣ ತೆಗೆದು ಅಳೆಯಬೇಕು. ಆ ಅಳತೆ ಕಾರವಾರದಲ್ಲೇ ಆಗಬೇಕು, ಇಲ್ಲಿಯ ಗಾಳಿಯಲ್ಲೇ ಆಗಬೇಕು.